ತಕ್ಕಡಿ ಹಿಡಿದು ಬಂದ ಮದುಮಗ

ಬೀರಾನ್ ಬ್ಯಾರಿಯವರನ್ನು ನಾನು ಮೊದಲು ನೋಡಿದ್ದು 1980ರಲ್ಲಿ, ಕೆಲಸಕ್ಕೆ ಸೇರಿದ ಸೋಮವಾರ. ಎಲ್ಲೂರಿನಿಂದ ಬಸ್ಸು ಹಿಡಿದು ಕಾಪುವಿಗೆ ಬಂದು, ಅಕ್ಕಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದೆ. ವ್ಯಾಪಾರಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಮಹಡಿಯಲ್ಲಿತ್ತು. ಒಳಗೆಲ್ಲ ತುಪ್ಪದನ್ನದ ವಾಸನೆ. ಬಿಳಿ ಮುಂಡು ಎತ್ತಿ ಕಟ್ಟಿದ ಹಿರಿಯರೊಬ್ಬರು ಇನ್ಸ್‌ಪೆಕ್ಟರರ ಮೇಜಿನ ಮೇಲೆ ನಿಂತು, ಫ್ಯಾನಿಗೆ ಸುತ್ತಿದ ಬಣ್ಣದ ಕಾಗದ ಬಿಡಿಸುತ್ತಿದ್ದರು. ನನ್ನ ಇಸ್ತ್ರಿ ಅಂಗಿ ನೋಡಿ, "ಮದುವೆ ನಿನ್ನೆಗೆ ಮುಗಿಯಿತು ಅಲ್ವಾ ಮಾರಾಯ್ರೆ. ಊಟ ಎಂತದೂ ಉಳಿದಿಲ್ಲ" ಎಂದರು.

"ನಾನು ಹೊಸ ಗುಮಾಸ್ತ."

"ಹಾಗಾದರೆ ಆ ತುದಿ ಹಿಡಿಯಿರಿ."

ಬಿ.ಎ. ಮುಗಿಸಿ ಸರಕಾರಕ್ಕಾಗಿ ನಾನು ಮಾಡಿದ ಮೊದಲ ಕೆಲಸ ಅದು.

ಕಟ್ಟಡದ ಖರ್ಚು ಉಳಿಸಲು ಇಲಾಖೆ ಬೀರಾನರೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಸರಕಾರ ಕೊಟ್ಟ ಜಾಗದಲ್ಲಿ ಅಕ್ಕಿ ಅಂಗಡಿ, ಅದರ ಮೇಲೆ ಹಾಲ್ ಕಟ್ಟಿಸಿದ್ದು ಬೀರಾನ್. ಕೆಲಸದ ದಿನ ಅದು ಬಾಡಿಗೆಯಿಲ್ಲದೆ ಸರಕಾರಕ್ಕೆ, ರಜಾದಿನ ಬೀರಾನರಿಗೆ. ಅವರು ಅದನ್ನು ಮದುವೆಗಳಿಗೆ ಕೊಡುತ್ತಿದ್ದರು.

ಎರಡು ವರ್ಷದ ನಂತರ ಅವರ ಮಗಳು ಆಸ್ಯಾಳ ನಿಕಾಹ್ ನಿಶ್ಚಯವಾಯಿತು. ಕ್ಯಾಲೆಂಡರಿನಲ್ಲಿ ರಂಜಾನ್ ರಜೆ ಶುಕ್ರವಾರಕ್ಕಿತ್ತು. ನಮ್ಮ ಕರಾವಳಿಯಲ್ಲಿ ಹಬ್ಬ ಸಾಮಾನ್ಯವಾಗಿ ಒಂದು ದಿನ ಮೊದಲೇ ಆಗುವುದರಿಂದ, ಗುರುವಾರ ಹಬ್ಬ, ರಜೆಯ ಶುಕ್ರವಾರ ಹಾಲಿನಲ್ಲಿ ಮದುವೆ ಎಂದು ಬೀರಾನ್ ಲೆಕ್ಕ ಹಾಕಿದರು. ಮದುಮಗ ಜಲಾಲ್ ಶನಿವಾರ ದುಬೈಗೆಂದು ಬೊಂಬಾಯಿ ಬಸ್ಸು ಹತ್ತಬೇಕಿತ್ತು.

ಆ ಸಲ ಚಂದ್ರ ಎಲ್ಲರಿಗೂ ಬುಧವಾರವೇ ಕಂಡ. ರಜೆ ಗುರುವಾರಕ್ಕೆ ಬದಲಾಯಿತೆಂದು ರೇಡಿಯೋ ಹೇಳಿತು. ಶುಕ್ರವಾರ ಕಚೇರಿ.

ಬೀರಾನ್ ನಮ್ಮ ಇನ್ಸ್‌ಪೆಕ್ಟರ್ ಉಮಾನಾಥರ ಮನೆಗೆ ಓಡಿದರು. ನಾನೂ ಜೊತೆಗೆ ಹೋದೆ.

"ಬ್ಯಾರಿಗಳೇ, ಕೆಲಸದ ದಿನ ಹಾಲ್ ಸರಕಾರದ್ದು. ಒಪ್ಪಿದ್ದು ನೀವೇ."

"ಚಂದ್ರನನ್ನು ಬೇಗ ಬರಲು ನಾನು ಹೇಳಿದ್ದಲ್ಲ ಸಾರ್."

"ನಾನು ಹೇಳಿದ್ದಾ? ಮನೆಯ ಅಂಗಳದಲ್ಲಿ ಚಪ್ಪರ ಹಾಕಿಸಿ."

"ಈ ಮಳೆಗೆ ಅಂಗಳದಲ್ಲಿ ಮೊಣಕಾಲುದ್ದ ನೀರುಂಟು. ಮದುಮಗನನ್ನು ದೋಣಿಯಲ್ಲಿ ತರಬೇಕಷ್ಟೆ."

ಉಮಾನಾಥರಿಗೆ ರೇಗಿತು. "ತಕ್ಕಡಿ ಹಿಡಿದು ಬಂದವರನ್ನು ನಾನು ತಡೆಯುವ ಹಾಗಿಲ್ಲ. ಬೇರೆ ಯಾರೂ ಮೆಟ್ಟಿಲು ಹತ್ತಬಾರದು."

"ಅಷ್ಟೇ ಅಲ್ವಾ?" ಎಂದು ಬೀರಾನ್ ಹೊರಟರು.

ಶುಕ್ರವಾರ ಜುಮಾ ನಮಾಜು ಮುಗಿದದ್ದೇ ನೆಂಟರೆಲ್ಲ ತಕ್ಕಡಿ ಹಿಡಿದು ಮೆಟ್ಟಿಲು ಹತ್ತಿದರು. ಅಂಗಡಿ ಇಲ್ಲದವರು ನೆರೆಯವರದ್ದನ್ನು ಕೇಳಿ ತಂದಿದ್ದರು. ನಿಕಾಹ್ ಮಾಡಿಸಬೇಕಾದ ಮಸೀದಿಯ ಖತೀಬರು ಚಿನ್ನ ತೂಗುವ ಪುಟ್ಟ ತಕ್ಕಡಿಯನ್ನು ಎರಡು ಬೆರಳಲ್ಲಿ ಹಿಡಿದು ಸಾಲಿನಲ್ಲಿ ನಿಂತರು. ಉಮಾನಾಥರು ಒಂದೊಂದನ್ನೇ ಎತ್ತಿ ನೋಡಿದರು. ನಾನು ಮುದ್ರೆ ಒತ್ತಿದೆ. ಕಚೇರಿಯಲ್ಲಿ ಅಷ್ಟು ಕೆಲಸ ಎಂದೂ ಆಗಿರಲಿಲ್ಲ.

ಕೊನೆಗೆ ಜಲಾಲ್ ಬಂದ. ಕೊರಳಲ್ಲಿ ಮಲ್ಲಿಗೆ ಹಾರ, ಕೈಯಲ್ಲಿ ಒಣಮೀನಿನ ತಕ್ಕಡಿ. ಉಮಾನಾಥರು ಎತ್ತಿ ನೋಡಿ ತಲೆಯಾಡಿಸಿದರು.

"ಒಂದು ಕಡೆ ಇಳಿಯುತ್ತದೆ. ಇದು ಪಾಸಾಗುವುದಿಲ್ಲ."

ಮದುಮಗ ಕೆಳಗಿಳಿದರೆ ಮದುವೆಯೂ ಇಳಿದ ಹಾಗೆ.

"ರಿಪೇರಿ ಆಗುವ ತನಕ ಇಲ್ಲಿ ಕಾಯಬಹುದಾ ಸಾರ್?" ಎಂದು ಬೀರಾನ್ ಕೇಳಿದರು.

ಉಮಾನಾಥರು ಕಿಟಕಿಯಾಚೆಯ ಮಳೆಯನ್ನು ನೋಡಿದರು. "ಸಾರ್ವಜನಿಕರು ಕಾಯಬಹುದು. ಬೆಂಚಿನಲ್ಲಿ, ಗಲಾಟೆ ಮಾಡದೆ."

ಜಲಾಲ್ ಬೆಂಚಿನಲ್ಲಿ ಕೂತ. ಎದುರಿಗೆ ಬೀರಾನ್ ಕೂತು ಮಗಳ ಪರವಾಗಿ ಅವನ ಕೈ ಹಿಡಿದರು. ಖತೀಬರು ಮೆಲುದನಿಯಲ್ಲಿ ನಿಕಾಹ್ ಮುಗಿಸಿದರು. ಆಮೇಲೆ ಕಾಯುತ್ತಿದ್ದ ಸಾರ್ವಜನಿಕರಿಗೆಲ್ಲ ಊಟ ಬಡಿಸಲಾಯಿತು. ಉಮಾನಾಥರು ಮಧ್ಯಾಹ್ನದ ಬಿಡುವು ತಡವಾಗಿ ತೆಗೆದುಕೊಂಡು ತಾವೂ ಕೂತರು.

ಜಲಾಲ್ ಮರುದಿನ ಬಸ್ಸು ಹತ್ತಿದ. ವರ್ಷದೊಳಗೆ ಆಸ್ಯಾಳೂ ದುಬೈಗೆ ಹೋದಳು. ಬೀರಾನ್ ಆಮೇಲೆ ಶಿರ್ವದಲ್ಲಿ ಇನ್ನೊಂದು ಇಲಾಖೆಗೆ ಇಂಥದೇ ಕಟ್ಟಡ ಕಟ್ಟಿಸತೊಡಗಿದರು. ಬೆಳಿಗ್ಗೆ ಹೊಸ ಗೋಡೆಗೆ ನೀರು ಹಾಕಲು ತಾವೇ ಹೋಗುತ್ತಿದ್ದರು.