ರಾಣಿಯ ಮೂಗುಬೊಟ್ಟು

ಗಾಜು ಕೊಯ್ಯುವ ಸದ್ದು. ಮೊದಲು ಕರ್ರ್ ಅಂತ ಉದ್ದ ಗೀರು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಟಕ್. ಆ ಒಂದು ಕ್ಷಣ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ, ಗೀರು ಬಿದ್ದ ಕಡೆಯೇ ಮುರಿಯುತ್ತೋ ಇನ್ನೆಲ್ಲಾದರೂ ಮುರಿಯುತ್ತೋ ಅಂತ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಒಂದು ಅಂಗಡಿ ಇತ್ತು. ಕಾನ್ವೆಂಟ್ ಬೋರ್ಡಿಂಗಿನಿಂದ ಬೇಸಿಗೆ ರಜಕ್ಕೆ ಊರಿಗೆ ಬಂದರೆ ಸಂಜೆ ಅದರ ಮೆಟ್ಟಿಲ ಮೇಲೆ ನಾನು ಗ್ಯಾರಂಟಿ.

ಅಂಗಡಿಯವರನ್ನು ಊರೆಲ್ಲ ಆರ್ಟಿಸ್ಟರು ಅನ್ನುತ್ತಿತ್ತು. ಇಪ್ಪತ್ತೈದು ದಾಟಿರದ ತೆಳ್ಳಗಿನ ಆಸಾಮಿ. ಕಟ್ಟು ಹಾಕುವುದು, ಕೊಬ್ಬರಿ ಮಂಡಿಗಳಿಗೆ ಬೋರ್ಡು ಬರೆಯುವುದು ಹೊಟ್ಟೆಪಾಡಿಗೆ. ಮುಖ ಬರೆಯುವುದು ಖುಷಿಗೆ. ನನಗೆ ಹತ್ತು ವರ್ಷವಾಗಿದ್ದಾಗ ಊರಿನ ಹೆಣ್ಣುಮಕ್ಕಳ ಶಾಲೆಯವರು ಅವರಿಗೆ ದೊಡ್ಡ ಆರ್ಡರ್ ಕೊಟ್ಟರು. ಅಸೆಂಬ್ಲಿ ಹಾಲಿನ ಗೋಡೆಗೆ ಜಗತ್ತಿನ ಹನ್ನೆರಡು ಜನ ಮಹನೀಯರ ಪಟ ಬೇಕು. ಫೋಟೋ ಇದ್ದವರದು ಸುಲಭ. ಕ್ಯಾಲೆಂಡರಿನ ಚಿತ್ರದ ಮೇಲೆ ಸಣ್ಣ ಚೌಕ ಎಳೆದು, ಬಟ್ಟೆಯ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದನ್ನೇ ತುಂಬುತ್ತಾ ಹೋಗುವುದು. ಕ್ಯಾಮೆರಾ ಹುಟ್ಟುವ ಮೊದಲೇ ಸತ್ತವರದೇ ಫಜೀತಿ.

ಗ್ರೀಸ್ ದೇಶದಲ್ಲಿ ವಿಷ ಕುಡಿದು ಸತ್ತ ತತ್ವಜ್ಞಾನಿಯ ಮುಖಕ್ಕೆ ಅವರು ಬಣ್ಣ ತುಂಬುತ್ತಿದ್ದಾಗ ಕೇಳಿದೆ, "ಇವರು ಹೀಗೇ ಇದ್ದರು ಅಂತ ನಿಮಗೆ ಹ್ಯಾಗೆ ಗೊತ್ತು?" ಇದೇ ಪ್ರಶ್ನೆಯನ್ನು ಕಾನ್ವೆಂಟಿನಲ್ಲಿ ಚಾಪೆಲ್ಲಿನ ನೀಲಿ ಕಣ್ಣಿನ ದೇವರ ಪಟದ ಬಗ್ಗೆ ಸಿಸ್ಟರ್ ಒಬ್ಬರಿಗೆ ಕೇಳಿ, "ಚೈಲ್ಡ್, ಇಟ್ ಈಸ್ ನಾಟ್ ಎ ಪಾಸ್‌ಪೋರ್ಟ್ ಫೋಟೋ" ಅಂತ ಅನ್ನಿಸಿಕೊಂಡಿದ್ದೆ. ಆರ್ಟಿಸ್ಟರು ಬೇಜಾರು ಮಾಡಿಕೊಳ್ಳಲಿಲ್ಲ.

"ಗೊತ್ತಿಲ್ಲ ಕಣವ್ವ. ಆದ್ರೆ ಯಾರ ಹಂಗಾದ್ರೂ ಇದ್ದಿರ್ಲೇಬೇಕಲ್ಲ? ರಸ್ತೇಲಿ ಹೋಗೋರ್ನ ನೋಡ್ತೀನಿ. ಹೊಂದೋ ಮುಖ ಎತ್ಕೊಂತೀನಿ. ಇದು ಸ್ಟೇಷನ್ ಮುಂದ್ಲ ಕಾಫಿ ಹೋಟ್ಲು ಯಜಮಾನ್ರು."

"ಅವರಿಗೆ ಗಡ್ಡ ಇಲ್ವಲ್ಲ?"

"ಗಡ್ಡ ನಂದು, ಮುಖ ಅವ್ರುದು."

ಮುಂದೆ ಶಾಲೆಯ ಆನ್ಯುಯಲ್ ಡೇ ದಿನ ಆ ಯಜಮಾನರು ಅದೇ ಪಟದ ಮುಂದೆ ಬಹಳ ಹೊತ್ತು ನಿಂತು, "ಯಾರ್ರೀ ಇವ್ರು? ಥೇಟ್ ನಮ್ಮ ದೊಡ್ಡಪ್ಪನ ಹಂಗವ್ರೆ!" ಅಂತ ಕೈಮುಗಿದರು.

ಹನ್ನೆರಡನೆಯದು ಹೊಯ್ಸಳ ರಾಣಿ. ಎಲ್ಲಾ ಗಂಡಸರೇ ಆದರು, ನಮ್ಮ ಕಡೆಯವಳು ಒಬ್ಬಳಾದರೂ ಇರಲಿ ಅಂತ ಆಗಿನ ಹೆಡ್‌ಮಿಸ್ಸು ಹಟ ಹಿಡಿದಿದ್ದರಂತೆ. ಆರ್ಟಿಸ್ಟರು ಮೂರು ದಿನ ಬೇಲೂರಿಗೆ ಹೋಗಿ ಬಂದರು. ಡ್ರಾಯಿಂಗ್ ಪುಸ್ತಕದ ತುಂಬ ಕಿರೀಟ, ಓಲೆ, ಡಾಬು, ಕಾಲ್ಗಡಗ. ಮುಖ ಇರಬೇಕಾದ ಕಡೆ ಬರೀ ಒಂದು ಮೊಟ್ಟೆ.

"ಒಡವೇನ ಒಂದೊಂದು ಮಣೀನೂ ಬಿಡ್ದೆ ಕೆತ್ತವ್ರೆ. ಮುಖ ಮಾತ್ರ ಎಲ್ರುದೂ ಒಂದೇ, ಒಂದೇ ತಾಯಿ ಮಕ್ಳಂಗೆ" ಅಂದರು. ಆ ಮೊಟ್ಟೆ ತುಂಬುವ ಮೊದಲೇ ನನ್ನ ರಜ ಮುಗಿಯಿತು.

ಕ್ರಿಸ್‌ಮಸ್ ರಜಕ್ಕೆ ವಾಪಸ್ಸು ಬರುವಷ್ಟರಲ್ಲಿ ಮನೆಯಲ್ಲಿ ಚಿಕ್ಕಮ್ಮ ಇರಲಿಲ್ಲ. ಚಿಕ್ಕಪ್ಪನ ಹೆಂಡತಿ, ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಎಂಟು ದಿನದ ಜ್ವರ. ಹನ್ನೊಂದು ತಿಂಗಳ ಹೆಣ್ಣುಮಗು ಅಜ್ಜಿಯ ತೊಡೆಯ ಮೇಲಿತ್ತು. ಅದೇ ರಜದಲ್ಲಿ ಆನ್ಯುಯಲ್ ಡೇ ಬಂತು. ಅಜ್ಜಿ ನನ್ನನ್ನೂ ಕರೆದುಕೊಂಡು ಹೋದರು. ಹಾಲಿನ ಕೊನೆಯ ಪಟದ ಮುಂದೆ ಅಜ್ಜಿಯ ಕೈ ನನ್ನ ಭುಜವನ್ನು ಹಿಡಿದುಕೊಂಡ ರೀತಿ ಈಗಲೂ ನೆನಪಿದೆ. ಕಿರೀಟ ಇಟ್ಟುಕೊಂಡು ನಮ್ಮ ಚಿಕ್ಕಮ್ಮ ನಮ್ಮನ್ನೇ ನೋಡುತ್ತಿದ್ದರು. ಉಪ್ಪಿಟ್ಟಿಗೂ ನಿಲ್ಲದೆ ಮನೆಗೆ ಬಂದೆವು.

"ನೋಡಿದ್ದನ್ನ ಬಾಯಿ ಬಿಡ್ಬೇಡ. ಹೊಸ ಸೊಸೆ ಬರೋಳವ್ಳೆ, ಅವಳ ಮನಸ್ಸಿಗೆ ಕಷ್ಟ ಆಗಬಾರ್ದು" ಅಂದರು ಅಜ್ಜಿ. ನಾನು ಒಬೀಡಿಯೆಂಟ್ ಹುಡುಗಿ. ಬಿಡಲಿಲ್ಲ. ಬಂದ ಸೊಸೆಯೂ ಬಂಗಾರದಂಥವರು. ಮಗುವನ್ನು ಸ್ವಂತದ್ದೆಂದೇ ಸಾಕಿದರು.

ಆ ಮಗು ಈಗ ಅರವತ್ತು ದಾಟಿದ ನನ್ನ ತಂಗಿ. ತಿಪಟೂರಿನಲ್ಲಿದ್ದಾಳೆ. ಹೋದ ವರ್ಷ ಯಾರದೋ ಗೃಹಪ್ರವೇಶಕ್ಕೆ ಅಂತ ಅರಸೀಕೆರೆಗೆ ಬಂದವಳು ನಮ್ಮ ಮನೆಯಲ್ಲಿ ಉಳಿದುಕೊಂಡಳು. ರಾತ್ರಿ ಊಟವಾದ ಮೇಲೆ ಮೊಬೈಲು ತೆಗೆದು ಅಪ್ಪ ಅಮ್ಮನ ಮದುವೆ ಫೋಟೋ ತೋರಿಸಿದಳು. ನಮ್ಮ ಚಿಕ್ಕಮ್ಮನ ಫೋಟೋ ಅಂತ ಜಗತ್ತಿನಲ್ಲಿರುವುದು ಅದೊಂದೇ. ಚಿಕ್ಕಪ್ಪ ನೆಟ್ಟಗೆ ಕೂತಿದ್ದಾರೆ. ಪಕ್ಕದಲ್ಲಿ ಮದುಮಗಳು, ಆ ಕಾಲದ ಎಲ್ಲ ಮದುವಣಗಿತ್ತಿಯರಂತೆ ತಲೆ ತಗ್ಗಿಸಿಕೊಂಡು. ಹಣೆಗೆ ಬಾಸಿಂಗ. ಕಾಣುವುದು ಬೈತಲೆ ಮಾತ್ರ.

"ಮೊಮ್ಮಗಳು ಇದನ್ನ ಎನ್‌ಲಾರ್ಜ್ ಮಾಡಿದ್ಲು ಅಕ್ಕಾ. ದೊಡ್ಡ ಬೈತಲೆ ಬಂತು" ಅಂತ ನಕ್ಕಳು. ನಕ್ಕವಳು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, "ಸಾಯೋದ್ರೊಳಗೆ ಒಂದ್ಸಲ ಅವಳ ಮುಖ ನೋಡ್ಬೇಕು ಕಣೇ. ಬೇರೇನೂ ಆಸೆ ಇಲ್ಲ" ಅಂದಳು.

ಅಜ್ಜಿ ಇಲ್ಲ, ಚಿಕ್ಕಪ್ಪ ಇಲ್ಲ, ಎರಡನೆಯ ಚಿಕ್ಕಮ್ಮನೂ ಇಲ್ಲ. ನಾನಿನ್ನು ಯಾರಿಗಾಗಿ ಬಾಯಿ ಮುಚ್ಚಿಕೊಂಡಿರಲಿ? ಹೇಳಿಬಿಟ್ಟೆ.

ಬೆಳಗ್ಗೆ ಹತ್ತಕ್ಕೆ ನಾವಿಬ್ಬರೂ ಶಾಲೆಯಲ್ಲಿದ್ದೆವು. ಹಾಲಿನಲ್ಲಿ ಫಳಫಳ ಹೊಳೆಯುವ ಫ್ಲೆಕ್ಸ್ ಪಟಗಳು. "ಹಳೇವೆಲ್ಲ ಗೆದ್ಲು ಹಿಡಿದಿತ್ತು ಮೇಡಂ, ಇವೆಲ್ಲ ನೆಟ್‌ನಿಂದ ತೆಗೆಸಿದ್ದು" ಅಂದರು ಈಗಿನ ಹೆಡ್‌ಮಿಸ್ಸು, ನನ್ನ ಮಗಳ ವಯಸ್ಸಿನವರು. ಪುಣ್ಯಕ್ಕೆ ಹಳೆಯವನ್ನು ಎಸೆದಿರಲಿಲ್ಲ. ಸ್ಪೋರ್ಟ್ಸ್ ರೂಮಿನಲ್ಲಿ ಸಾಲಾಗಿ ಗೋಡೆಗೆ ಒರಗಿಸಿದ್ದರು. ತತ್ವಜ್ಞಾನಿಯ ಗಡ್ಡವನ್ನು ಗೆದ್ದಲು ತಿಂದು, ಅವರು ಮತ್ತೆ ಕಾಫಿ ಹೋಟೆಲಿನ ಯಜಮಾನರಾಗಿದ್ದರು. ರಾಣಿ ಹಿಂದೆ ಇದ್ದಳು. ವಾಲಿಬಾಲ್ ನೆಟ್ಟಿನ ಕಣ್ಣುಗಳ ನಡುವಿನಿಂದ ನೋಡುತ್ತಿದ್ದಳು.

ತಂಗಿ ನೆಟ್ಟು ಸರಿಸಿ, ಸೆರಗಿನಿಂದ ಗಾಜು ಒರೆಸಿ ಕುಕ್ಕರುಗಾಲಲ್ಲಿ ಕೂತಳು.

"ಇದು ಅಮ್ಮನಾ ಅಕ್ಕಾ? ಸರಿಯಾಗಿ ನೋಡಿ ಹೇಳು."

ನೋಡಿದೆ. ಹೌದು ಅನ್ನಲು ಬಾಯಿ ತೆರೆದೆ. ಆಗ ಒಂದು ವಿಚಿತ್ರ ಸಂಗತಿ ಅರಿವಿಗೆ ಬಂತು. ಚಿಕ್ಕಮ್ಮನನ್ನು ನೆನೆಸಿಕೊಂಡಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಈ ಪಟವೇ. ಇದರ ಹಿಂದೆ ಇದ್ದಿರಬೇಕಾದ ಮುಖ ಯಾವಾಗಲೋ ಅಳಿಸಿಹೋಗಿದೆ. ಪಟ ಚಿಕ್ಕಮ್ಮನ ಹಾಗಿದೆಯೋ, ಚಿಕ್ಕಮ್ಮನೇ ಪಟದ ಹಾಗಾಗಿಬಿಟ್ಟಿದ್ದಾರೋ? ಆನೆಸ್ಟ್ ಆಗಿ ಹೇಳಬೇಕೆಂದರೆ ನಾನು ಸಾಕ್ಷಿ ಹೇಳಲು ನಾಲಾಯಕ್ಕು. ಅದನ್ನೇ ಹೇಳಿದೆ. ಅವಳು ಬೈಯಲಿಲ್ಲ. ಪಟದ ಕಡೆಗೇ ಇನ್ನೂ ಬಗ್ಗಿ, "ಅಕ್ಕಾ, ಆಗಿನ ರಾಣೀರು ಮೂಗುಬೊಟ್ಟು ಇಡ್ತಿದ್ರಾ?" ಅಂದಳು.

ರಾಣಿಯ ಬಲ ಮೂಗಿನ ಮೇಲೆ ಒಂದು ಸಣ್ಣ ಕೆಂಪು ಹರಳು.

ಮಾರನೇ ದಿನ ಆಧಾರ್ ಕಾರ್ಡ್ ತೋರಿಸಿ ಫ್ರೀ ಬಸ್ಸಿನಲ್ಲಿ ಬೇಲೂರಿಗೆ ಹೋದೆವು. ದೇವಸ್ಥಾನದ ಸುತ್ತ ಕತ್ತೆತ್ತಿಕೊಂಡು ಒಂದೊಂದೇ ಮೂಗು ನೋಡುತ್ತಾ ಬಂದೆವು. ಗೈಡ್ ಒಬ್ಬಾತ ನಮ್ಮನ್ನು ಬಹಳ ಹೊತ್ತು ಗಮನಿಸಿರಬೇಕು. "ಏನ್ ಹುಡುಕ್ತಿದೀರಮ್ಮಾ?" ಅಂದ.

"ಮೂಗುಬೊಟ್ಟು" ಅಂದಳು ತಂಗಿ.

"ಅಯ್ಯೋ, ಎಲ್ಲಿ ಬೀಳಿಸ್ಕೊಂಡ್ರಿ?"

ವಿಷಯ ತಿಳಿದ ಮೇಲೆ ಆತ ತಲೆ ಕೆರೆದುಕೊಂಡ. "ಇಷ್ಟು ವರ್ಷದಿಂದ ಜನಕ್ಕೆ ತೋರಿಸ್ತಿದೀನಿ, ನಾನೇ ಒಂದಿನ ಮೂಗು ನೋಡಿಲ್ಲವಲ್ಲ!" ಟೂರಿಸ್ಟುಗಳನ್ನು ಬಿಟ್ಟು ನಮ್ಮ ಜೊತೆಗೇ ಬಂದ. ಕಿವಿಗೆ, ಕೊರಳಿಗೆ, ತೋಳಿಗೆ, ಸೊಂಟಕ್ಕೆ, ಕಾಲ್ಬೆರಳಿಗೂ ಒಡವೆ. ಮೂಗು ಬರಿದು. ಹಳೇಬೀಡಿಗೂ ಹೋದೆವು. ಅಲ್ಲಿ ಎಷ್ಟೋ ಮುಖಗಳಿಗೆ ಮೂಗೇ ಇಲ್ಲ. ಇದ್ದವುಗಳಲ್ಲಿ ಒಂದಕ್ಕೂ ಬೊಟ್ಟಿಲ್ಲ. ಕೆರೆಯ ಕಡೆಯ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಾ ತಂಗಿ ಹೇಳಿದಳು, "ಹಾಗಾದ್ರೆ ಅದು ಕಲ್ಲಿಂದ ಬಂದ ಮೂಗಲ್ಲ. ಬದುಕಿದ್ದ ಹೆಂಗಸಿಂದು."

"ಬದುಕಿದ್ದ ಹೆಂಗಸಿಂದು ಸರಿ. ಆದರೆ ಅರಸೀಕೆರೇಲಿ ಅರ್ಧ ಹೆಂಗಸರಿಗೆ ಮೂಗುಬೊಟ್ಟಿತ್ತು ಕಣೇ" ಅಂದೆ. ಅವಳ ಉತ್ಸಾಹಕ್ಕೆ ತಣ್ಣೀರು ಹಾಕಬೇಕು ಅಂತಲ್ಲ. ತಪ್ಪು ಮುಖವನ್ನು ಅಮ್ಮ ಅಂದುಕೊಂಡು ಮನೆಗೆ ಹೋದರೆ ಅನ್ನುವ ಭಯ.

ಇನ್ನು ಉಳಿದವರು ಆರ್ಟಿಸ್ಟರೊಬ್ಬರೇ. ವಿಚಾರಿಸಿದರೆ, ಇದ್ದಾರೆ, ಹಾರನಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ ಅಂದರು. ಟೆಂಪೋದಲ್ಲಿ ಹೋದೆವು. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಕಿವಿ ಮಂದ, ಕಣ್ಣು ಚುರುಕು. ರಜದಲ್ಲಿ ಅಂಗಡಿಗೆ ಬರುತ್ತಿದ್ದ ಕಾನ್ವೆಂಟ್ ಹುಡುಗಿ ಅಂತ ಸೊಸೆಗೆ ನನ್ನ ಗುರುತು ಹೇಳಿದೆ. ಅವಳು ಅವರ ಕಿವಿಯ ಹತ್ತಿರ ಬಗ್ಗಿ, "ಮಾವಾ, ಕಾನ್ವೆಂಟ್ ಅಮ್ಮ ಅಂತೆ!" ಅಂತ ಕೂಗಿದಳು.

"ಕೇಳ್ಕೇಳಿ ತಲೆ ತಿನ್ನೋಳಲ್ವಾ? ಕುಂತ್ಕೊ ಬಾರವ್ವ" ಅಂದರು.

ತಂಗಿ ಮೊಬೈಲಿನಲ್ಲಿ ಹೊಡೆದುಕೊಂಡು ಬಂದಿದ್ದ ರಾಣಿಯ ಫೋಟೋ ಅವರ ಮುಂದೆ ಹಿಡಿದಳು. ನಾನೇ ಕೂಗಿ ಕೇಳಿದೆ, "ಇದು ಯಾರ ಮುಖ?"

ಅವರು ಫೋಟೋ ನೋಡಲೇ ಇಲ್ಲ ಅನ್ನಬೇಕು. ತಂಗಿಯನ್ನೇ ನೋಡುತ್ತಿದ್ದರು.

"ನಿಮ್ಮ ತಾಯಿ ನಮ್ಮ ಅಂಗಡಿಗೆ ಬಂದಿದ್ದು ಒಂದೇ ಸಲ ಕಣವ್ವ. ಮದ್ವೆ ಫೋಟೋಗೆ ಕಟ್ಟು ಹಾಕ್ಸಕ್ಕೆ, ನಿಮ್ಮಪ್ಪನ ಜೊತೆ. ಕಟ್ಟು ಹಾಕಿ ಕೈಗೆ ಕೊಟ್ಟೆ. ನೋಡುದ್ರು. 'ಇದ್ರಲ್ಲಿ ನಾನೆಲ್ಲಿವ್ನಿ? ಬರೀ ನನ್ನ ಬೈತ್ಲೆ ಐತೆ. ಫೋಟೋಗೆ ಅಂತ ಇನ್ನೊಂದ್ಸಲ ಮದ್ವೆ ಮಾಡ್ಕೊಬೇಕು!' ಅಂದು ನಕ್ಬುಟ್ರು. ನಿಮ್ಮಪ್ಪ ನಾಚ್ಕೊಂಡು ಬೀದಿಗಿಳಿದ್ರು. ಬೇಲೂರಲ್ಲಿ ಮೂರು ದಿನ ಹುಡುಕುದ್ರೂ ಸಿಗ್ದೇ ಇದ್ದ ಮುಖ ವಾಪಸ್ ಬರೋವಾಗ ಬಸ್ಸಲ್ಲಿ ನೆನಪಾಯ್ತು."

"ಮೂಗುಬೊಟ್ಟು?" ಅಂದೆ.

"ಮೂಗಿತ್ತು, ಬೊಟ್ಟಿತ್ತು, ಬರ್ದೆ. ರಾಣೀಗೆ ಇರ್ಬಾರ್ದು ಅಂತ ಯಾರ್ಗೊತ್ತು?" ಆಮೇಲೆ ಧ್ವನಿ ತಗ್ಗಿಸಿ, "ಮೊದ್ಲು ನಗೋ ಹಂಗೇ ಬರ್ದಿದ್ದೆ. ಹೆಡ್ಮಿಸ್ಸು, ರಾಣಿ ಹಲ್ಲು ಬಿಡ್ತಾಳೇನ್ರೀ ಅಂದ್ರು. ಅದ್ರ ಮೇಲೇ ಬಣ್ಣ ಹಾಕಿ ಬಾಯಿ ಮುಚ್ಚಿಸ್ದೆ. ಕೆಳಗೆ ನಗು ಇನ್ನೂ ಐತೆ" ಅಂದರು.

ತಂಗಿ ತನ್ನ ಬ್ಯಾಗಿನಲ್ಲಿದ್ದ ಗೃಹಪ್ರವೇಶದ ಇನ್ವಿಟೇಷನ್ ಕಾರ್ಡು ತಿರುಗಿಸಿ, ಪೆನ್ನು ಅವರ ಕೈಗಿಟ್ಟಳು. "ಆ ನಗು ಒಂದು ಬರ್ದುಕೊಡಿ."

ಅವರು ಪೆನ್ನು ಹಿಡಿದರು. ಕೈ ಅಷ್ಟೇನೂ ನಡುಗುತ್ತಿರಲಿಲ್ಲ. ಆದರೂ ಕೆಳಗಿಟ್ಟುಬಿಟ್ಟರು. "ಬ್ಯಾಡ ಕಣವ್ವ. ನಿಮ್ಮನ್ನ ನೋಡ್ಬುಟ್ಟಿದೀನಲ್ಲ. ಈಗ ಬರದ್ರೆ ಅದು ನಿಮ್ಮ ನಗು ಆಯ್ತದೆ, ಅವ್ರುದಲ್ಲ."

ಅವಳಿಗೆ ಎಷ್ಟು ನಿರಾಸೆಯಾಯಿತೋ ಅಂತ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಮೊಣಕಾಲಿನ ಮೇಲೆ ಮುಂದಕ್ಕೆ ಬಗ್ಗಿ, "ಅಮ್ಮ ಅಂದಿದ್ದು ಇನ್ನೊಂದ್ಸಲ ಹೇಳಿ. ಅವಳು ಹೇಳಿದ ಹಾಗೇ" ಅಂದಳು. ಅವರು ಹೇಳಿದರು. ಮತ್ತೊಮ್ಮೆ ಕೇಳಿದಳು. ಮತ್ತೂ ಹೇಳಿದರು. ಅಷ್ಟು ವರ್ಷದಲ್ಲಿ ಅವಳಮ್ಮ ಆಡಿದ ಒಂದು ಮಾತನ್ನೂ ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ ಅಂತ ನನಗೆ ಹೊಳೆದದ್ದು ಆಗ. ನಾನೂ ಹೇಳಿರಲಿಲ್ಲ.

ಹಾರನಹಳ್ಳಿ ಸ್ಟಾಪಿನಲ್ಲಿ ಬಸ್ಸು ತಡವಾಯಿತು. ತಂಗಿ ಕಲ್ಲುಬೆಂಚಿನ ಮೇಲೆ ಕೂತು ನನ್ನ ಕಡೆ ತಿರುಗಿದಳು. "ಈಗ ನಿನ್ನ ಸರದಿ. ನೀನು ಕಡೇ ಸಲ ಅವಳನ್ನ ಎಲ್ಲಿ ನೋಡಿದ್ದು?"

ಅರಸೀಕೆರೆ ಸ್ಟೇಷನ್ನಿನಲ್ಲಿ, ಜೂನ್ ತಿಂಗಳು, ಅಂದೆ. ನಾನು ಬೋರ್ಡಿಂಗಿಗೆ ವಾಪಸ್ ಹೊರಟಿದ್ದೆ. ಲೇಡೀಸ್ ಕಂಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಅಳುಮೋರೆ ಹಾಕಿಕೊಂಡು ಕೂತಿದ್ದೆ. ನಿಮ್ಮಮ್ಮ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದರು. ಗಾಡಿ ಹೊರಟಿತು. ಅವರು ನಿನ್ನ ಮುಂಗೈ ಹಿಡಿದು ನನಗೆ ಟಾಟಾ ಮಾಡಿಸುತ್ತಾ, ಏನೋ ಹೇಳುತ್ತಾ, ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಕಿಟಕಿಯ ಜೊತೆಗೇ ನಡೆದು ಬಂದರು.

"ಮುಖ ಹ್ಯಾಗಿತ್ತು?"

"ನಾನು ನಿನ್ನನ್ನೇ ನೋಡ್ತಿದ್ದೆ ಕಣೇ" ಅಂದೆ.