ಬಾಳೆನಾರಿನಲ್ಲಿ ಕಟ್ಟಿದ ಅಂಗಿ

ಬಿಳಿ ಟೀ ಶರ್ಟಿಗೆ ಅಲ್ಲಲ್ಲಿ ಗಂಟು ಕಟ್ಟಿ, ಬಣ್ಣದಲ್ಲಿ ಅದ್ದಿ ತರಬೇಕೆಂದು ಮಗಳ ಶಾಲೆಯಲ್ಲಿ ಹೇಳಿದ್ದರು. ಮಕ್ಕಳಿಗೆ ಕೊಡುವ ಇಂಥ ಕೆಲಸ ಕೊನೆಗೆ ಬಂದು ಬೀಳುವುದು ತಾಯಿಯ ತಲೆಗೇ. ಕುಮಟೆ ಪೇಟೆಯೆಲ್ಲ ಸುತ್ತಿ ನೀಲಿ ಬಣ್ಣದ ಪುಡಿ ತಂದೆ. ಕಟ್ಟಲು ಕೂತರೆ ಮನೆಯಲ್ಲಿದ್ದ ರಬ್ಬರ್ ಬ್ಯಾಂಡುಗಳೆಲ್ಲ ಎಳೆದ ಕೂಡಲೇ ಪಟಪಟ ಹರಿದವು. ನಾನು ಬಾಯಿಗೆ ಬಂದಂತೆ ಬೈಯತೊಡಗಿದೆ. ಯಾರಿಗೆ ಬೈಯುತ್ತಿದ್ದೆನೋ ನನಗೇ ಗೊತ್ತಿಲ್ಲ.

ಆಗ ಅತ್ತೆ ನಮ್ಮಲ್ಲಿದ್ದರು. ಮೊಣಕಾಲಿನ ಚಿಕಿತ್ಸೆಗೆಂದು ಭಟ್ಕಳದಿಂದ, ಭಾವನ ಮನೆಯಿಂದ ಕರೆತಂದಿದ್ದೆವು. ಅಲ್ಲಿ ಸಂಜೆಯಾದರೆ ಮಲ್ಲಿಗೆ ಕಟ್ಟಲು ಅಕ್ಕಪಕ್ಕದ ಹೆಂಗಸರೆಲ್ಲ ಜಗಲಿಗೆ ಬರುತ್ತಿದ್ದರು. ಇಲ್ಲಿ ಟಿವಿ ಬಿಟ್ಟರೆ ಗತಿಯಿಲ್ಲ. ಆಗಾಗ ಚೀಲ ತುಂಬಿಟ್ಟು “ನಾ ಊರಿಗೆ ಹೋಗ್ತೆ” ಎನ್ನುತ್ತಿದ್ದರು. ನನ್ನ ಗಂಡ “ಡಾಕ್ಟ್ರು ಇನ್ನೊಂದ್ಸಲ ನೋಡ್ಲಿ” ಎಂದು ದಿನ ಮುಂದೆ ತಳ್ಳುತ್ತಿದ್ದರು. ನನಗಂತೂ ಅವರು ಹೋಗುವುದು ಸುತರಾಂ ಬೇಡವಾಗಿತ್ತು. ಅತ್ತೆ ಸೊಸೆ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಕೆಲಸ ಮುಗಿಸಿ ಬಂದಾಗ ಚಾ ಕುಡಿದೆಯಾ ಎಂದು ನನ್ನನ್ನು ಕೇಳುವವರು ನಮ್ಮ ಮನೆಯಲ್ಲಿ ಅವರೊಬ್ಬರೇ.

“ಇದಕ್ಕೆ ರಬ್ಬರು ಎಂತಕ್ಕೆ? ಬಾಳೆನಾರು ಇಲ್ವಾ?” ಎಂದರು ಅತ್ತೆ, ನನ್ನ ಗಲಾಟೆ ಕೇಳಿ. ಹಿತ್ತಲಿನ ಬಾಳೆಯಿಂದ ಅರ್ಧಂಬರ್ಧ ಒಣಗಿದ ಪಟ್ಟೆ ತರಿಸಿ, ಎಳೆಎಳೆಯಾಗಿ ಸೀಳಿ, ಒದ್ದೆ ಮಾಡಿಕೊಂಡರು. ಬಟ್ಟೆಯೊಳಗೆ ಒಂದೊಂದು ಹುಣಸೆಬೀಜ ಇಟ್ಟು, ಮೊಗ್ಗು ಕಟ್ಟುವ ಹಾಗೆಯೇ ಸರಸರ ಕಟ್ಟಿದರು. ಮಗಳು ಟಿವಿ ಮರೆತು ಅಜ್ಜಿಯ ಬೆರಳನ್ನೇ ನೋಡುತ್ತಿದ್ದಳು. ಅತ್ತೆ ಅವತ್ತು ಎಷ್ಟು ಮಾತಾಡಿದರೆಂದರೆ ನನಗೆ ಎದ್ದು ಅಡುಗೆಗೆ ಹೋಗಲೂ ಮನಸ್ಸಾಗಲಿಲ್ಲ.

ರಾತ್ರಿ ಬಣ್ಣದಲ್ಲಿ ಅದ್ದಿಟ್ಟು, ಬೆಳಿಗ್ಗೆ ಗಂಟು ಬಿಚ್ಚಿದೆವು. ನೀಲಿಯ ನಡುವೆ ಬಿಳಿ ಬಳೆಗಳು ಚೆಂದವಾಗಿಯೇ ಮೂಡಿದ್ದವು. ಆದರೆ ಪ್ರತಿ ಬಳೆಯ ಮೇಲೂ ಕಂದು ಗೆರೆ! ಬಾಳೆಯ ಕಲೆ. ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಮಗೆ ಹೊಳೆದಿರಲಿಲ್ಲ. ನಾರು ಎಂದರೆ ಹೂವು ಎಂದೇ ಕೈಗೆ ಅಭ್ಯಾಸ. ಸೋಪು, ಲಿಂಬೆ ಎಲ್ಲ ಹಚ್ಚಿ ತಿಕ್ಕಿದ್ದಾಯಿತು. ಮಗಳು ಮುಖ ಊದಿಸಿಕೊಂಡೇ ಅಂಗಿಯನ್ನು ಬ್ಯಾಗಿಗೆ ತುರುಕಿ ಶಾಲೆಗೆ ಹೋದಳು.

ಅತ್ತೆ ಒಳಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ, ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದಾರೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕಪಾಟಿನಿಂದ ಗಂಡನ ಬಿಳಿ ಅಂಗಿಯೊಂದನ್ನು ಎಳೆದು ಅವರ ಮಡಿಲಿಗೆ ಹಾಕಿದೆ.

“ಇದಕ್ಕೂ ಕಟ್ಟಿ.”

“ಕಲೆ ಬೀಳ್ತದೆ ಮಾರಾಯ್ತಿ.”

“ಬೀಳ್ಲಿ. ನೀವು ಹೋಗ್ಬೇಡಿ. ನೀವಿಲ್ದಿದ್ರೆ ನಂಗೆ ಈ ಮನೇಲಿ ಬೇಜಾರು.”

ಅತ್ತೆ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅದನ್ನ ಇಷ್ಟು ದಿನ ಹೇಳೂಕೆ ನಿಂಗೆ ಎಂತಾಗಿತ್ತು? ಯಾವಾಗ್ಲೂ ಡಾಕ್ಟ್ರು, ಡಾಕ್ಟ್ರು. ನಾ ಇಲ್ಲಿ ಇರೂದು ಡಾಕ್ಟ್ರಿಗೆ ಮಾತ್ರ ಬೇಕೇನೋ ಅಂದ್ಕಂಡಿದ್ದೆ.”