ಎರಡು ಬೀಗ ಬಿದ್ದ ಖೋಲಿ

ಬೆಳಿಗ್ಗೆಯಿಂದ ಮೇಲಿನ ಖೋಲಿಯಲ್ಲಿ ಕಸ ಗುಡಿಸುವ ಸದ್ದು. ಅಲ್ಲಿ ಬಾಡಿಗೆಗಿದ್ದ ದೋರನಹಳ್ಳಿಯ ಹುಡುಗಿ, ಇಲ್ಲೇ ಯಾದಗಿರಿಯ ಆಸ್ಪತ್ರೆಯಲ್ಲಿ ನರ್ಸು, ವರ್ಗವಾಗಿ ಕಲಬುರಗಿಗೆ ಹೊರಟಿದ್ದಾಳೆ. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿರಬೇಕು. ಒಣ ಧೂಳಿಗೆ ನೀರು ಬಿದ್ದ ವಾಸನೆ ಮೆಟ್ಟಿಲಿಳಿದು ನಾನು ಚಹಾ ಕುಡಿಯುತ್ತ ಕೂತಲ್ಲಿಗೆ ಬಂತು. ಸಾಮಾನು ತುಂಬಿದ ಮನೆಯಲ್ಲಿ ಈ ವಾಸನೆ ಇಷ್ಟು ಗಟ್ಟಿಯಾಗಿ ಬರುವುದಿಲ್ಲ. ಖಾಲಿಯಾದ ಖೋಲಿಯ ವಾಸನೆಯೇ ಬೇರೆ. ನನಗೆ ಶಹಾಪುರ ನೆನಪಾಯಿತು. ಶಹಾಪುರ ಎಂದರೆ ಹಿಂದಿನ ಖೋಲಿಯ ಅತ್ತಿ...

ಅವರು ನನಗೆ ಸಂಬಂಧದಲ್ಲಿ ಏನೂ ಅಲ್ಲ. ಆ ಓಣಿಗೆಲ್ಲ ಅತ್ತಿ, ಅಂದರೆ ಅತ್ತೆ, ಹಾಗಾಗಿ ನನಗೂ ಅತ್ತಿ.

ಆಗ ಕಾಲುವೆಗೆ ನೀರು ಬಿಟ್ಟ ಹೊಸತು. ಜೋಳ, ತೊಗರಿ ಬಿಟ್ಟು ಬೇರೆ ಗೊತ್ತಿಲ್ಲದ ಕರಿನೆಲದಲ್ಲಿ ಜನ ಭತ್ತ ಹಚ್ಚುವುದನ್ನು ಕಲಿಯುತ್ತಿದ್ದರು. ಊರ ತುಂಬ ಇಂಜಿನಿಯರುಗಳು, ಗುತ್ತೇದಾರರು, ಲಾರಿ ಡ್ರೈವರುಗಳು. ದನದ ಕೊಟ್ಟಿಗೆಗೂ ಸುಣ್ಣ ಬಳಿದು ಬಾಡಿಗೆಗೆ ಕೊಡುತ್ತಿದ್ದ ಕಾಲ ಅದು. ನಾನು ಗುರುಮಠಕಲ್ ಕಡೆಯವಳು, ಕಾಲುವೆ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಬಂದಿದ್ದೆ. ಸಿಟ್ಟು ಬಂದರೆ ಬಾಯಿಂದ ತೆಲುಗು ಹೊರಡುತ್ತಿತ್ತು. ನಾನು ಬೈದದ್ದು ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ, ಅದರಿಂದ ಎಷ್ಟೋ ಜಗಳ ತಪ್ಪಿದವು.

ಮನೆ ಕಲ್ಲಿನದು, ದೊಡ್ಡದು. ನಡುವೆ ಅಂಗಳ, ಮುಂದೆ ಮನೆಯವರು, ಬದಿಗೆ ನನ್ನ ಖೋಲಿ, ಹಿಂದೆ ಬಚ್ಚಲಿಗೆ ಅಂಟಿಕೊಂಡು ಅತ್ತಿಯ ಖೋಲಿ. ನಳ ಒಂದು, ಬಚ್ಚಲು ಒಂದು, ಬಟ್ಟೆ ಒಣಹಾಕುವ ತಂತಿ ಒಂದು. ಯಜಮಾನರು ಹೊಲದಲ್ಲೇ ಇರುತ್ತಿದ್ದರು. ಮನೆಯ ಆಡಳಿತವೆಲ್ಲ ಅವರ ಹೆಂಡತಿಯದು. ಮೊದಮೊದಲು ಆಕೆ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಹಬ್ಬಕ್ಕೆ ಹೋಳಿಗೆ, ನೆಗಡಿಯಾದರೆ ಕಷಾಯ. ಅದರ ಹಿಂದೆ ಏನಿದೆ ಎಂದು ತಿಳಿಯಲು ಒಂದು ಬೇಸಿಗೆ ಬೇಕಾಯಿತು. ಆಕೆಗೊಬ್ಬ ತಮ್ಮನಿದ್ದ, ಸುರಪುರದಲ್ಲಿ ಅಂಗಡಿ. ಅವನಿಗೆ ನನ್ನನ್ನು ತಂದುಕೊಳ್ಳುವ ವಿಚಾರ. ಅವನು ಕೆಟ್ಟವನಲ್ಲ. ನನಗೆ ಬೇಡವೆನಿಸಿತು, ಬೇಡವೆಂದೆ. ಮದುವೆ ಬೇಡವೆನ್ನಲು ಅದಕ್ಕಿಂತ ದೊಡ್ಡ ಕಾರಣ ಬೇಕು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ಮರುದಿನದಿಂದ ಮನೆ ಮುಖ ತಿರುವಿತು. ನಾನು ನಳಕ್ಕೆ ಕೊಡ ಹಚ್ಚಿದರೆ ಆಕೆ ಬಂದು ಸರಿಸುವಳು. ತಂತಿಯ ಮೇಲಿನ ನನ್ನ ಸೀರೆ ಸಂಜೆಗೆ ನೆಲದಲ್ಲಿ ಬಿದ್ದಿರುವುದು. ಇವನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಮಾತು. ನಾನು ಆಫೀಸಿನಿಂದ ಹೊತ್ತಾಗಿ ಬರುತ್ತೇನೆ, ಜೀಪಿನಲ್ಲಿ ಇಳಿಯುತ್ತೇನೆ, ಅದಕ್ಕೇ ಒಳ್ಳೆ ಸಂಬಂಧ ಒಲ್ಲೆ ಎನ್ನುತ್ತೇನೆ ಎಂದು ಆಕೆ ಓಣಿಯ ಕಟ್ಟೆಗಳ ಮೇಲೆ ಕೂತು ಹೇಳತೊಡಗಿದಳು. ಜೀಪಿನಲ್ಲಿ ನಾನು ಒಮ್ಮೆ ಇಳಿದದ್ದು ಹೌದು, ಜೋರು ಮಳೆಯಿತ್ತು, ಜೊತೆಗೆ ಆಫೀಸಿನ ಇನ್ನೂ ಮೂವರು ಹೆಂಗಸರಿದ್ದರು. ಆದರೆ ಅಂಥ ಮಾತು ಗುರುಮಠಕಲ್ ಮುಟ್ಟಲು ಬಸ್ಸಿಗಿಂತ ಕಡಿಮೆ ಹೊತ್ತು ಸಾಕು. ಮುಟ್ಟಿದ್ದರೆ ಅಪ್ಪ ಬಂದು ನೌಕರಿ ಬಿಡಿಸಿ ಕರೆದೊಯ್ಯುತ್ತಿದ್ದರು. ನನಗೆ ಆ ನೌಕರಿ ಬಿಟ್ಟರೆ ಬೇರೆ ಬದುಕು ಇರಲಿಲ್ಲ.

ಮನೆ ಬಿಡುವುದೆಂದು ನಿಶ್ಚಯಿಸಿದೆ. ಬಸ್ ನಿಲ್ದಾಣದ ಕಡೆ ಒಬ್ಬ ಟೀಚರಮ್ಮ ತಮ್ಮ ಜೊತೆ ಇರಲು ಕರೆದಿದ್ದರು. ಆಫೀಸಿನ ಹೆಡ್ ಕ್ಲರ್ಕ್ ನನ್ನ ಹಿತಚಿಂತಕರೇ, ಅವರು ಕೊಟ್ಟ ಸಲಹೆ ಮಾತ್ರ ಹೀಗಿತ್ತು: "ಬೆಳಗು ಹರಿಯೂದ್ರಾಗ ಒಂದು ಟಾಂಗಾ ತರಿಸಿ ಸುಮ್ಮನ ಹೋಗಿಬಿಡ್ರಿ. ಅಂಥವರ ಜೋಡಿ ಬಾಯಿ ಯಾಕ ಹಚ್ಚತೀರಿ?" ನನಗೂ ಸರಿ ಎನಿಸಿತು. ಅಂದು ಮಧ್ಯಾಹ್ನ ಖೋಲಿಯಲ್ಲಿ ಕೂತು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ. ಅತ್ತಿ ಬಾಗಿಲಲ್ಲಿ ಬಂದು ನಿಂತರು.

ಅತ್ತಿ ರೊಟ್ಟಿ ಬಡಿದು ಬದುಕುತ್ತಿದ್ದವರು. ನಮ್ಮ ಆಫೀಸಿನ ಒಂಟಿ ಗಂಡಸರಿಗೆಲ್ಲ ಅವರ ಖೋಲಿಯಿಂದಲೇ ಜೋಳದ ರೊಟ್ಟಿ ಹೋಗುತ್ತಿತ್ತು. ಹಾಗಾಗಿ ಅವರ ಕೈ ಯಾವಾಗಲೂ ಹಿಟ್ಟಿನ ಕೈ. ಹುಣಸಗಿಯ ಆಚೆ ಹೊಳೆದಂಡೆಯ ಊರಿನವರು. ಗಂಡ ಹರಿಗೋಲು ಹಾಕುತ್ತಿದ್ದ, ಮೀನು ಹಿಡಿಯುತ್ತಿದ್ದ, ಸತ್ತು ಬಹಳ ವರ್ಷವಾಗಿತ್ತು. ಆಮೇಲೆ ಅಣೆಕಟ್ಟಿನ ನೀರು ನಿಂತು ಊರೇ ಮುಳುಗಿತು. ಅದೇ ಅಣೆಕಟ್ಟಿನ ಕಾಲುವೆಯ ಆಫೀಸಿನಲ್ಲಿ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ. ಅವರು ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಮನೆಯೊಡತಿ ನನಗೆ ನಳ ಬಂದ್ ಮಾಡಿದ ದಿನಗಳಲ್ಲಿ ತಾವು ತುಂಬಿಟ್ಟ ನೀರಿನಲ್ಲಿ ಒಂದು ಕೊಡ ತಂದು ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು.

"ಕಳ್ಳರಂಗ ಯಾಕ ಹೊಂಟಿ ತಂಗಿ? ಏನರ ಕದ್ದೀಯೇನು?" ಎಂದರು. ನಾನು ಪೆಟ್ಟಿಗೆ ಮುಚ್ಚಿದೆ. "ನೀ ಕತ್ತಲಾಗ ಹೋದಿ ಅಂದ್ರ ಆಕಿ ಆಡಿದ್ದೆಲ್ಲ ಖರೇ ಅಂತದ ಓಣಿ. ಹಾಡಹಗಲ ಹೋಗು, ಹೆಬ್ಬಾಗಿಲಲೇ ಹೋಗು. ಬಾಡಿಗಿಗಿದ್ದಾಕಿಗೂ ಒಂದು ಹಕ್ಕ ಐತಿ."

ಆ ಹಕ್ಕು ಏನೇನು ಎಂಬುದನ್ನು ಅವರು ಯಾವ ಕಾಯ್ದೆಯಲ್ಲೂ ಓದಿರಲಿಲ್ಲ. ತಮ್ಮ ಲೆಕ್ಕದ್ದು ತಾವೇ ಹೇಳಿದರು. ಹೋಗುವ ಮಾತನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಹೇಳಬೇಕು. ಹೇಳಿದ ಮೇಲೂ ಹೊರಡುವ ದಿನದವರೆಗೆ ನಳ, ಬಚ್ಚಲು, ತಂತಿ ಯಾವುದನ್ನೂ ಬಿಟ್ಟುಕೊಡಬಾರದು. ಖೋಲಿ ಗುಡಿಸಿ, ಸಾರಿಸಿ, ಕೀಲಿಯನ್ನು ಕೈಗೇ ಕೊಡಬೇಕು, ಕಿಟಕಿಯಲ್ಲಿ ಇಟ್ಟು ಓಡಬಾರದು. ಗೋಡೆಗೆ ಹೊಡೆದ ಮೊಳೆಗಳ ಬಗ್ಗೆಯೂ ಅವರದೊಂದು ನ್ಯಾಯವಿತ್ತು: "ಮೊಳಿ ನಿಂದು, ಕಿತ್ತಿಕೋ. ತೂತ ಮನಿಯವರದು, ಮಣ್ಣ ಮೆತ್ತಿ ಕೊಡು." ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಾನು ನಕ್ಕಿದ್ದು ಅವತ್ತೇ.

ಮರುದಿನ ನಳದ ಹತ್ತಿರ ಹೆಂಗಸರು ನೆರೆದಾಗ ಮನೆಯೊಡತಿಗೆ ಹೇಳಿದೆ, ಅಮಾವಾಸ್ಯೆ ಕಳೆದ ಮೇಲೆ ಖೋಲಿ ಬಿಡುತ್ತೇನೆ ಎಂದು. ಆಕೆ ಕೊಡ ಕುಕ್ಕಿದಳು. ಆಮೇಲಿನ ದಿನಗಳಲ್ಲಿ ನಾನು ನೀರಿಗೆ ಹೋದಾಗಲೆಲ್ಲ ಅತ್ತಿಗೂ ಅದೇ ಹೊತ್ತಿಗೆ ನೀರು ಬೇಕಾಗುತ್ತಿತ್ತು.

ಹೊರಡುವ ದಿನ ಅರ್ಧ ರಜೆ ಹಾಕಿ ಬಂದೆ. ಟಾಂಗಾ ಮಧ್ಯಾಹ್ನಕ್ಕೆ ಹೇಳಿದ್ದೆ. ಬಂದು ನೋಡಿದರೆ ನನ್ನ ಖೋಲಿಯ ಚಿಲಕದಲ್ಲಿ ನನ್ನ ಬೀಗದ ಜೊತೆಗೆ ಇನ್ನೊಂದು ಬೀಗ ಜೋತುಬಿದ್ದಿದೆ, ಅಂಗೈಯಗಲದ್ದು, ಕಾಳಿನ ಕೋಣೆಗೆ ಹಾಕುವಂಥದ್ದು. ನನ್ನ ಬಟ್ಟೆ, ಸರ್ಟಿಫಿಕೇಟು, ಅವ್ವ ಹೊಲಿದ ಕೌದಿ ಎಲ್ಲ ಒಳಗೆ. "ನನ್ನ ತಮ್ಮ ಬರೂತನಕ ತೆಗಿಯಾಂಗಿಲ್ಲ. ಅವನ ಮುಂದ ತಪ್ಪಾತು ಅಂತ ಹೇಳಿ ಹೋಗು," ಎಂದಳು ಮನೆಯೊಡತಿ. ಹೇಳುವಾಗ ಆಕೆಯ ದನಿಯೂ ಸ್ಥಿರವಿರಲಿಲ್ಲ. ಬಾಡಿಗೆಯ ಹುಡುಗಿ ತಾನಾಗಿ ಎದ್ದು ಹೋದರೆ ಓಣಿ ತನ್ನ ಬಗ್ಗೆ ಏನನ್ನುತ್ತದೋ ಎಂಬ ಹೆದರಿಕೆ ಆಕೆಗೂ ಇತ್ತು ಎಂದು ಈಗ ತಿಳಿಯುತ್ತದೆ. ಆಗ ನನ್ನ ಬಾಯಿಂದ ತೆಲುಗು ಕೂಡ ಹೊರಡಲಿಲ್ಲ.

ಅತ್ತಿ ಜಗಳಕ್ಕೆ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಹೋದರು. ಹೆಬ್ಬಾಗಿಲ ಕಟ್ಟೆಯ ಮೇಲೆ ನಿಂತು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದರು: "ಬರ್ರಿ ಯವ್ವಾ, ಟೈಪಿಂಗ್ ಹುಡುಗಿ ಮನಿ ಬಿಟ್ಟು ಹೊಂಟಾಳ, ಉಡಿ ತುಂಬೂದೈತಿ. ಮನಿಯಕ್ಕ ಕರ್ಯಾಕತ್ತಾಳ, ಬರ್ರಿ!"

ಮನೆಯಕ್ಕ ಯಾರನ್ನೂ ಕರೆದಿರಲಿಲ್ಲ. ಆದರೆ ನಮ್ಮ ಕಡೆ ಉಡಿ ತುಂಬಲು ಕರೆದರೆ ಮುತ್ತೈದೆಯರು ಕೈಯೊಳಗಿನ ಕೆಲಸ ಬಿಟ್ಟು ಬರುತ್ತಾರೆ, ಬರದಿದ್ದರೆ ಅದು ಕೆಟ್ಟದ್ದು. ಹಾಗೆಯೇ ಬಂದವರನ್ನು ಬಾಗಿಲಲ್ಲಿ ತಡೆಯುವ ಎದೆ ಯಾವ ಹೆಣ್ಣಿಗೂ ಇಲ್ಲ. ಐದಾರು ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತ ಅಂಗಳಕ್ಕೆ ಬಂದೇ ಬಿಟ್ಟರು. ಬಂದು ಎರಡು ಬೀಗದ ಬಾಗಿಲು ನೋಡಿದರು. ಆಮೇಲೆ ಮನೆಯೊಡತಿಯ ಮುಖ ನೋಡಿದರು.

"ಕಳ್ಳರ ಕಾಟ ನೋಡ್ರಿ, ಹುಡುಗಿ ಸಾಮಾನ ಅಂತ ಹಾಕಿದ್ದೆ," ಎಂದು ಆಕೆ ಸೊಂಟದಿಂದ ಕೀಲಿ ತೆಗೆದಳು. "ಹೌದ್ರಿ, ಭಾಳ ಕಾಟ," ಎಂದರು ಹೆಂಗಸರು. ಆ ಸುಳ್ಳನ್ನು ಎಲ್ಲರೂ ಮರ್ಯಾದೆಯಿಂದ ಹಂಚಿಕೊಂಡರು. ನಾನು ಖೋಲಿಗೆ ನೀರು ಚಿಮುಕಿಸಿ, ಗುಡಿಸಿ, ಪೆಟ್ಟಿಗೆ ಹೊರಗಿಟ್ಟೆ. ಮೊಳೆಯ ತೂತುಗಳಿಗೆ ಮಣ್ಣು ಹಿಂದಿನ ದಿನವೇ ಮೆತ್ತಿದ್ದೆ.

ಉಡಿ ತುಂಬಲು ಮೊದಲ ಕೈ ಮನೆಯ ಮುತ್ತೈದೆಯದು. ಎಲ್ಲರೂ ಕಾಯ್ದರು. ಆಕೆ ಕೀಲಿ ತೆಗೆದದ್ದೇ ದೊಡ್ಡದು ಎನ್ನುವಂತೆ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿ ಮಾತ್ರ ದೂರ, ಬಚ್ಚಲ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮೊರದಲ್ಲಿ ಜೋಳ ಇಟ್ಟು ತಂದವರು ಅವರೇ, ಓಣಿ ಕರೆದವರೂ ಅವರೇ. ಈಗ ವಿಧವೆಯ ಜಾಗದಲ್ಲಿ ನಿಂತಿದ್ದರು.

ಅದಕ್ಕೂ ಕೆಲವು ದಿನ ಮೊದಲು ರೊಟ್ಟಿ ಬಡಿಯುತ್ತ ಅವರು ಒಂದು ಮಾತು ಹೇಳಿದ್ದರು. ಊರು ಬಿಡುವ ದಿನ ಲಾರಿಗಳು ಬಂದಾಗ ಅವರು ತಮ್ಮ ಮನೆಯನ್ನು ಗುಡಿಸಿ ಸಾರಿಸಿದರಂತೆ. ನೀರು ನುಗ್ಗುವ ಮನೆಯನ್ನು ಸಾರಿಸುತ್ತಾಳೆ ಎಂದು ಜನ ನಕ್ಕರಂತೆ. ಗುಡಿಯ ಮುಂದೆ ಊರ ಮುತ್ತೈದೆಯರೆಲ್ಲ ಒಬ್ಬರಿಗೊಬ್ಬರು ಉಡಿ ತುಂಬಿಕೊಂಡು ಅತ್ತರಂತೆ. "ನಾ ಲಾರಿ ಮ್ಯಾಲ ಕುಂತು ನೋಡಿದೆ ತಂಗಿ. ನನಗ್ಯಾರ ತುಂಬಬೇಕು, ನಾ ಯಾರಿಗಿ ತುಂಬಬೇಕು..." ಎಂದು ರೊಟ್ಟಿ ತಿರುವಿ ಹಾಕಿದ್ದರು.

ನಾನು ಅಂಗಳ ದಾಟಿ ಅವರ ಮುಂದೆ ನಿಂತು ಸೆರಗು ಒಡ್ಡಿದೆ. ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಬಹುಶಃ ಸಿಟ್ಟೇ ಇರಬೇಕು.

"ಹುಚ್ಚೀ, ನಾ ಹಾಕಬಾರದು," ಎಂದರು.

"ಈ ಮನ್ಯಾಗ ನನಗ ನೀರು ಕೊಟ್ಟಾವ್ರು ನೀವ. ನೀವ ಹಾಕ್ರಿ ಅತ್ತಿ."

ಅವರು ಹೆಂಗಸರ ಕಡೆ ನೋಡಿದರು. ಎಲ್ಲರಿಗಿಂತ ಹಿರಿಯಳಾದ ಎದುರುಮನೆಯ ಅಜ್ಜಿ, "ಹಾಕವ್ವಾ, ಟಾಂಗಾ ನಿಂತೈತಿ," ಎಂದಳು. ಅಷ್ಟೇ ಮಾತು. ಅತ್ತಿ ಹಿಟ್ಟು ಮೆತ್ತಿದ ಬೊಗಸೆಯಲ್ಲಿ ಜೋಳ ತುಂಬಿ ನನ್ನ ಸೆರಗಿಗೆ ಸುರಿದರು. ಒಮ್ಮೆ ಅಲ್ಲ, ಮೊರ ಖಾಲಿಯಾಗುವವರೆಗೆ. ನಾನು ಅತ್ತುಬಿಟ್ಟೆ. ಅವರಾದ ಮೇಲೆ ಉಳಿದವರು ಹಾಕಿದರು. ಕೊನೆಗೆ ಅಡುಗೆಮನೆಯಿಂದ ಒಂದು ಕೈ ಬಂದು ನನ್ನ ಉಡಿಯಲ್ಲಿ ಕೊಬ್ಬರಿ ಬಟ್ಟಲು ಇಟ್ಟಿತು. ಮನೆಯೊಡತಿ ನನ್ನ ಮುಖ ನೋಡಲಿಲ್ಲ. ನಾನು ಖೋಲಿಯ ಕೀಲಿಯನ್ನು ಅದೇ ಕೈಯಲ್ಲಿಟ್ಟೆ, ಆಕೆ ಹಿಡಿದುಕೊಂಡಳು. ಹೆಬ್ಬಾಗಿಲಲ್ಲಿ ಟಾಂಗಾ ಹತ್ತಿದಾಗ ಓಣಿ ಪೂರ್ತಿ ಕಟ್ಟೆಗೆ ಬಂದಿತ್ತು. ಜೀಪಿನ ಮಾತು ಆಮೇಲೆ ಯಾರ ಬಾಯಲ್ಲೂ ಕೇಳಲಿಲ್ಲ, ಗುರುಮಠಕಲ್‌ಗೂ ಮುಟ್ಟಲಿಲ್ಲ. ಆ ನೌಕರಿಯಲ್ಲೇ ನಾನು ನಿವೃತ್ತಳಾದೆ.

ಅತ್ತಿ ಮುಂದೆ ಸುರಪುರದ ಕಡೆ ತಮ್ಮ ಮೈದುನನ ಮಗನ ಮನೆಗೆ ಹೋದರು. ಒಂದೆರಡು ಸಲ ಹೋಗಿ ಕಂಡು ಬಂದೆ. ಆಮೇಲೆ ನನಗೆ ಮದುವೆ, ಮಕ್ಕಳು, ವರ್ಗ... ಅವರು ತೀರಿಹೋದ ಸುದ್ದಿ ನನಗೆ ಬಂದಾಗ ತಿಂಗಳುಗಳೇ ಕಳೆದಿದ್ದವು. ಎಲ್ಲಿ ಮಣ್ಣು ಮಾಡಿದರೆಂದು ಕೇಳಿ ತಿಳಿದುಕೊಂಡೆ. ಆ ಕಡೆ ಹೋಗುವುದಾಗಿಲ್ಲ.

ಹುಡುಗಿ ಕೀಲಿ ಹಿಡಿದುಕೊಂಡು ಕೆಳಗೆ ಬಂದಳು. ಸೊಸೆ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಇಟ್ಟುಕೊಂಡು ನಿಂತಿದ್ದಳು. ನನ್ನ ಯಜಮಾನರು ತೀರಿಹೋದಂದಿನಿಂದ ಇಂಥ ಹೊತ್ತಿಗೆ ನಾನು ಬಾಗಿಲ ಸಂದಿಗೆ ಸರಿದು ನಿಲ್ಲುತ್ತೇನೆ. ಯಾರೂ ಸರಿದು ನಿಲ್ಲು ಎಂದು ಹೇಳಿದ್ದಿಲ್ಲ, ನಾನೇ ಸರಿಯುತ್ತೇನೆ. ಅಂಥ ಅತ್ತಿಯನ್ನು ಕಂಡವಳು ನಾನು, ಆದರೂ ಸರಿಯುತ್ತೇನೆ. ಇವತ್ತೂ ಕಾಲು ಹಿಂದೆ ಹೋಗಿತ್ತು. ಅಲ್ಲೇ ನಿಲ್ಲಿಸಿದೆ. ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡು, "ಒಡ್ಡವ್ವಾ, ನಾ ಹಾಕ್ತೀನಿ," ಎಂದೆ.

ಹುಡುಗಿ ಹೆಗಲ ಮೇಲಿನ ದುಪಟ್ಟಾ ತೆಗೆದು ಎರಡೂ ಕೈಯಲ್ಲಿ ಒಡ್ಡಿದಳು. ಕುಂಕುಮವಿಲ್ಲದ ನನ್ನ ಹಣೆಯ ಕಡೆ ನೋಡಲೂ ಇಲ್ಲ. "ಬಸ್ಸಿಗೆ ಹೊತ್ತಾಯಿತು, ಬೇಗ ಹಾಕ್ರಿ ಅಮ್ಮಾ," ಎಂದಳು. ಅತ್ತಿ ಅದನ್ನು ಕೇಳಬೇಕಿತ್ತು.